ಲೀಟರಿಗೆ 65 ಎಂದ ಸ್ಕೂಟರ್ 60 ಕೊಡುತ್ತಿದೆ: ಟಿ-ಪರೀಕ್ಷೆಯ ಲೆಕ್ಕ ಹಿಡಿದು ದೂರು ಕೊಡಬಹುದೇ?

ಸಪ್ತಾಪುರ ಸವಾರ (ಧಾರವಾಡ)

ಜಾಹೀರಾತಿನಲ್ಲಿ ಲೀಟರಿಗೆ 65 ಕಿ.ಮೀ. ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಶೋರೂಮಿನ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಸಮಾಧಾನದಿಂದ ಓಡಿಸಿದರೆ 70 ಕೂಡ ಬರುತ್ತದೆ ಸರ್" ಎಂದ. ನಾನು ದಿನವೂ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರುವವನು. ಎರಡನೇ ಸರ್ವಿಸ್ ಆದ ಮೇಲೆ ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ, ಓಡಿದ ದೂರವನ್ನು ಹಾಕಿಸಿದ ಪೆಟ್ರೋಲಿನಿಂದ ಭಾಗಿಸಿ ಬರೆದಿಡುತ್ತಾ ಬಂದೆ. ಕ್ರಮವಾಗಿ ಬಂದ ಅಂಕಿಗಳು ಇವು:

58, 63, 55, 66, 57, 64, 54, 62, 60, 61

ಸರಾಸರಿ 60. ಬಿ.ಕಾಂ. ಓದುತ್ತಿರುವ ಮಗಳು ಇದನ್ನು ನೋಡಿ ಊಹಾ ಪರೀಕ್ಷೆಗೆ ಹಚ್ಚಿದಳು. ಶೂನ್ಯ ಊಹೆ: ನಿಜವಾದ ಸರಾಸರಿ 65. ಎದುರು ಊಹೆ: 65ಕ್ಕಿಂತ ಕಡಿಮೆ. ಅಂಕಿಗಳ ಚದುರಿಕೆಯ ಅಳತೆ, ಅಂದರೆ ಮಾನಕ ವಿಚಲನೆ, 3.94. ಅದನ್ನು 10ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 1.25. 60ಕ್ಕೂ 65ಕ್ಕೂ ಅಂತರ 5, ಅದನ್ನು ಈ 1.25ರಿಂದ ಭಾಗಿಸಿದರೆ ಟಿ ಮೌಲ್ಯ ಮೈನಸ್ 4. ಹತ್ತು ಅಂಕಿಗಳಿಗೆ ಶೇ 5ರ ಮಟ್ಟದಲ್ಲಿ (ನಿಜವಾದ ಶೂನ್ಯ ಊಹೆಯನ್ನು ತಪ್ಪಾಗಿ ತಿರಸ್ಕರಿಸುವ ಸಂಭವ ನೂರಕ್ಕೆ ಐದು) ಕೋಷ್ಟಕ ಹೇಳುವ ಗಡಿ 1.833. ನಾವು ಅದರ ಎರಡು ಪಟ್ಟಿಗಿಂತ ಆಚೆ ಇದ್ದೇವೆ. ಕಂಪನಿಯ ಮಾತು ತಿರಸ್ಕೃತ.

ಈ ಹಾಳೆಯನ್ನೇ ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗಬೇಕೆಂದಿದ್ದೇನೆ. ತಿಳಿದವರು ಹೇಳಿ.

ಸುಮ್ಮನೆ ಓದುವವ

65 ಎಂದರೆ 60 ಬಂದಿದೆ, ಅದಕ್ಕೇ ಕೋರ್ಟಿಗೆ ಹೊರಟಿದ್ದೀರಾ? ನನ್ನದಕ್ಕೆ 45 ಬರುತ್ತದೆ. ನಾನು ಎಲ್ಲಿಗೆ ಹೋಗಲಿ?

ಗೋಕುಲ ರಸ್ತೆ ಗ್ಯಾರೇಜು

ಸರ್, ಮೊದಲು ಟೈರಿನ ಗಾಳಿ ನೋಡಿಸಿ. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಎರಡೂ ಚಕ್ರ ಕೈಯಿಂದ ತಿರುಗಿಸಿ ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೆ ಉಜ್ಜುವ ಸದ್ದು ಬಂದು ಚಕ್ರ ಬೇಗ ನಿಲ್ಲುತ್ತದೆ. ನಮ್ಮಲ್ಲಿಗೆ "ಮೈಲೇಜ್ ಇಲ್ಲ" ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಬರುತ್ತವೆ. ಕೋಷ್ಟಕ ಆಮೇಲೆ ನೋಡೋಣ.

ಸಪ್ತಾಪುರ ಸವಾರ

ಗಾಳಿ ಪ್ರತಿ ವಾರ ನೋಡಿಸುತ್ತೇನೆ. ಸರ್ವಿಸ್ ಕೂಡ ಅವರದೇ ಸೆಂಟರಿನಲ್ಲಿ ಆಗಿದೆ.

ಲೆಕ್ಕದ ಪುಟ್ಟ

ಹತ್ತು ಅಂಕಿ ಎಲ್ಲಿ ಸಾಲುತ್ತದೆ? ಸಂಖ್ಯಾಶಾಸ್ತ್ರದಲ್ಲಿ ಕನಿಷ್ಠ 30 ಇರಬೇಕೆಂದು ಕಲಿಸಿದ್ದಾರೆ. ಇದು ಪರೀಕ್ಷೆಯೇ ಅಲ್ಲ.

ಅಂಕಿಅಂಶ ಮೇಡಂ (ಗದಗ)

ಪುಟ್ಟ ಅವರೇ, ಆ 30ರ ಮಾತನ್ನು ಎಲ್ಲರೂ ಮಂತ್ರದಂತೆ ಹೇಳುತ್ತಾರೆ. ಟಿ-ಪರೀಕ್ಷೆ ಹುಟ್ಟಿದ್ದೇ ಸಣ್ಣ ಮಾದರಿಗಾಗಿ, ಅಂದರೆ ಕೆಲವೇ ಅಂಕಿಗಳಿಗಾಗಿ. ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬಾರ್ಲಿಯ ಪ್ರಯೋಗಗಳಲ್ಲಿ ಕೈಗೆ ಸಿಗುತ್ತಿದ್ದದ್ದು ನಾಲ್ಕೈದು ಅಂಕಿ, ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಕಿತ್ತು. 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಂಕಿಗಳು ತೀರಾ ವಕ್ರವಾಗಿ ಹರಡಿರದಿದ್ದರೆ, ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಹತ್ತು ಸಾಕು.

ಆದರೆ "ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ" ಎಂಬಲ್ಲಿಯೇ ನನಗೆ ತಕರಾರಿದೆ. ಸವಾರರೇ, ನಿಮ್ಮ ಅಂಕಿಗಳನ್ನು ಬರೆದ ಕ್ರಮದಲ್ಲಿಯೇ ಇನ್ನೊಮ್ಮೆ ಓದಿ: 58 ಇಳಿದದ್ದು, 63 ಏರಿದ್ದು, 55 ಇಳಿದದ್ದು, 66 ಏರಿದ್ದು. ಕೊನೆಯವರೆಗೂ ಹೀಗೇ ಒಂದು ಕೆಳಗೆ, ಒಂದು ಮೇಲೆ. ಸ್ಕೂಟರ್ ಒಂದು ಟ್ಯಾಂಕಿಗೆ ಸಿಟ್ಟಾಗಿ ಮುಂದಿನದಕ್ಕೆ ಪ್ರಸನ್ನವಾಗುವುದಿಲ್ಲ. ಇದು ಬಂಕಿನ ಹುಡುಗನ ಕೈ.

ಲೆಕ್ಕ ನೋಡಿ. 210 ಕಿ.ಮೀ. ಓಡಿದ್ದೀರಿ, ನಿಜವಾಗಿ ಸುಟ್ಟದ್ದು 3.5 ಲೀಟರ್, ಅಂದರೆ 60. ಬಂಕಿನಲ್ಲಿ ಆಟೊ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ನಾಜಲ್ ಒತ್ತಿ 200 ಮಿ.ಲೀ. ಹೆಚ್ಚು ತುಂಬಿದ. ನಿಮ್ಮ ಪುಸ್ತಕದಲ್ಲಿ 210 ಭಾಗಿಸು 3.7, ಅಂದರೆ 56.8. ಮುಂದಿನ ಸಲ ಬೇರೆಯವನು ಕಟ್ ಆದ ಕೂಡಲೇ ನಿಲ್ಲಿಸಿದ. ಈಗ 210 ಭಾಗಿಸು 3.3, ಅಂದರೆ 63.6. ಎರಡೂ ಸುಳ್ಳು, ಆದರೆ ಜೋಡಿಯಾಗಿ ಸತ್ಯ. ಹಿಂದಿನ ತುಂಬುವಿಕೆಯ ತಪ್ಪು ಮುಂದಿನದರಲ್ಲಿ ತಿರುಗಿ ಬರುವುದರಿಂದ ಈ ಹತ್ತು ಅಂಕಿಗಳು ಸ್ವತಂತ್ರವಲ್ಲ.

ಪರಿಹಾರ ಸುಲಭ. ಬಿಡಿ ಬಿಡಿಯಾಗಿ ಭಾಗಿಸುವುದನ್ನು ಬಿಟ್ಟು ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿ. ಆಗ ಮೊದಲ ಮತ್ತು ಕೊನೆಯ ತುಂಬುವಿಕೆಯ ಏರುಪೇರು ಮಾತ್ರ ಉಳಿಯುತ್ತದೆ.

ಸಪ್ತಾಪುರ ಸವಾರ

ಕೊನೆಯ ಎರಡು ಸಲ ಮಾತ್ರ ಒಂದೇ ಬಂಕಿನಲ್ಲಿ, ಕಟ್ ಆದ ಕೂಡಲೇ ನಿಲ್ಲಿಸಿ ಎಂದು ಹೇಳಿ ಹಾಕಿಸಿದ್ದು. 60, 61 ಬಂದಿರುವುದು ಅಲ್ಲಿ. ಹಾಗಾದರೆ ನನ್ನ ವಾದ ಇನ್ನೂ ಗಟ್ಟಿಯಾಯಿತಲ್ಲ ಮೇಡಂ? ಚದುರಿಕೆ ಬಂಕಿನದು, 60 ಗಾಡಿಯದು.

ಅಂಕಿಅಂಶ ಮೇಡಂ

ನಿಮ್ಮ ಗಾಡಿ ನಿಮ್ಮ ಕೈಯಲ್ಲಿ 60ರ ಆಸುಪಾಸು ಕೊಡುತ್ತದೆ ಎಂಬುದು ಗಟ್ಟಿಯಾಯಿತು. ಅಷ್ಟು ಮಾತ್ರ. ಕಂಪನಿ 65 ಎಂದದ್ದು ನಿಮ್ಮ ಗಾಡಿಯ ಬಗ್ಗೆಯೂ ಅಲ್ಲ, ಹುಬ್ಬಳ್ಳಿ-ಧಾರವಾಡ ರಸ್ತೆಯ ಬಗ್ಗೆಯೂ ಅಲ್ಲ, ಪ್ರಯೋಗಾಲಯದ ಪರೀಕ್ಷೆಯ ಬಗ್ಗೆ. ಯಾವ ಸಮೂಹದ ಸರಾಸರಿಯನ್ನು ಪರೀಕ್ಷಿಸುತ್ತಿದ್ದೇವೆ ಎಂದು ಮೊದಲು ಬರೆಯದೆ ಟಿ ಲೆಕ್ಕ ಹಾಕಿದರೆ ಉತ್ತರ ಸರಿಯಾಗಿಯೇ ಬರುತ್ತದೆ, ಪ್ರಶ್ನೆ ಬೇರೆಯಾಗಿರುತ್ತದೆ.

ಸಪ್ತಾಪುರ ಸವಾರ

ಮತ್ತೆ ಆ ಜಾಹೀರಾತು ಯಾರಿಗಾಗಿ? ಪುಣೆಯ ಪ್ರಯೋಗಾಲಯದ ರೋಲರ್ ಮೇಲೆ ಸ್ಕೂಟರ್ ಓಡಿಸುವವರಿಗಾಗಿಯೇ? ಹಣ ಕೊಟ್ಟವನು ರಸ್ತೆಯ ಮೇಲೆ ಓಡಿಸುತ್ತಾನೆ.

ಸುಮ್ಮನೆ ಓದುವವ

ಇದಕ್ಕೆ ಚಪ್ಪಾಳೆ.

ನಿವೃತ್ತ ಎಂಜಿನಿಯರ್ (ವಿದ್ಯಾನಗರ)

ರೋಲರ್ ಎಂದು ಹಗುರವಾಗಿ ಮಾತನಾಡಬೇಡಿ. ಪುಣೆಯ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆ 1966ರಿಂದ ಇದೆ. ಗಾಡಿಯನ್ನು ಚಾಸಿಸ್ ಡೈನಮೋಮೀಟರ್ ಎಂಬ ರೋಲರ್ ಯಂತ್ರದ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ನಕ್ಷೆಯಂತೆ ಓಡಿಸಿ, ಹೊಗೆಯಲ್ಲಿರುವ ಇಂಗಾಲವನ್ನು ಅಳೆದು ಇಂಧನದ ಖರ್ಚು ಲೆಕ್ಕ ಹಾಕುತ್ತಾರೆ. ಬಂಕಿನ ನಾಜಲ್ಲಿಗಿಂತ ಅದು ಸಾವಿರ ಪಾಲು ನಂಬಿಕೆಯದು. ಕಾರುಗಳಿಗೆ ಬಳಸುತ್ತಾ ಬಂದ ಭಾರತೀಯ ಚಾಲನಾ ಚಕ್ರದಲ್ಲಿ ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ. ನಮ್ಮ ಬೈಪಾಸಿನಲ್ಲಿ 110ರಲ್ಲಿ ಎ.ಸಿ. ಹಾಕಿಕೊಂಡು ಹೋಗುವವರು ಆ ಅಂಕಿ ಬರಲಿಲ್ಲ ಎಂದು ಅಳಬಾರದು. ಆ ಅಂಕಿಯ ಕೆಲಸ ಒಂದು ಗಾಡಿಯನ್ನು ಇನ್ನೊಂದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು.

ಹಾಗೆಂದು ಕಂಪನಿಗಳೆಲ್ಲ ಸಾಚಾ ಎಂದಲ್ಲ. 2012ರ ನವೆಂಬರಿನಲ್ಲಿ ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಸುಮಾರು 9 ಲಕ್ಷ ಕಾರುಗಳ ಮೈಲೇಜ್ ಅಂಕಿಯನ್ನು ಇಳಿಸಬೇಕಾಯಿತು. ಗಾಡಿಯನ್ನು ವೇಗಕ್ಕೆ ಒಯ್ದು ನ್ಯೂಟ್ರಲ್‌ನಲ್ಲಿ ಬಿಟ್ಟು, ಎಷ್ಟು ಬೇಗ ನಿಧಾನವಾಗುತ್ತದೆ ಎಂದು ನೋಡಿ ರಸ್ತೆಯ ಪ್ರತಿರೋಧ ಅಳೆಯುತ್ತಾರೆ. ಆ ಅಂಕಿಯನ್ನೇ ಡೈನಮೋಮೀಟರಿಗೆ ಕೊಡುವುದು. ಹಲವಾರು ಓಟಗಳ ಸರಾಸರಿ ಕೊಡುವ ಬದಲು ತಮಗೆ ಅನುಕೂಲವಾದವನ್ನು ಆರಿಸಿಕೊಂಡರು ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳಿತು. 2014ರಲ್ಲಿ 10 ಕೋಟಿ ಡಾಲರ್ ದಂಡ. ಗಮನಿಸಿ, ಅಲ್ಲಿ ಯಂತ್ರ ಸುಳ್ಳು ಹೇಳಲಿಲ್ಲ. ಓಟಗಳನ್ನು ಆರಿಸಿದ ಕೈ ಸುಳ್ಳು ಹೇಳಿತು.

ಅಂಕಿಅಂಶ ಮೇಡಂ

ಇದೇ ಕಾಯಿಲೆ ಇಲ್ಲಿಯೂ ಬರುತ್ತದೆ ಸರ್. ಈಗ ಯಾರಾದರೂ "ಎಲ್ಲರೂ ನಿಮ್ಮ ಮೈಲೇಜ್ ಹಾಕಿ, ಒಟ್ಟುಗೂಡಿಸಿ ಪರೀಕ್ಷೆ ಮಾಡೋಣ" ಎನ್ನುತ್ತಾರೆ. 65 ಬರುವವನು ಈ ಚರ್ಚೆಯನ್ನು ತೆರೆದೇ ನೋಡುವುದಿಲ್ಲ.

ಡಿಪೊ ಕಾಕಾ

ನಾನು ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಟಿ-ಗಿ ಗೊತ್ತಿಲ್ಲ, ಆದರೆ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಎಂಬ ಶಬ್ದ ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಡ್ಯೂಟಿ ಮುಗಿಸಿ ಬಂದ ಮೇಲೆ ಡೀಸೆಲ್ ಹಾಕಿ, ಇವತ್ತು ಯಾರದು ಎಷ್ಟು ಎಂದು ಲೆಕ್ಕ. ಕಡಿಮೆ ಬಂದವನನ್ನು ಕರೆದು ಎಲ್ಲರ ಎದುರು ಕೇಳುವುದು. ಒಂದು ದಿನ ಜಾತ್ರೆ, ಬಸ್ಸಿನಲ್ಲಿ ಬಾಗಿಲವರೆಗೆ ಜನ, ಹಳ್ಳಿ ಹಳ್ಳಿಗೆ ನಿಲುಗಡೆ. ಮರುದಿನ ಅದೇ ಬಸ್ಸು ಖಾಲಿ. ಅದೇ ಚಾಲಕ, ಅದೇ ಕಾಲು. ಅಂಕಿ ಮಾತ್ರ ಬೇರೆ. ಒಂದು ದಿನದ ಅಂಕಿ ನೋಡಿ ಮನುಷ್ಯನಿಗೆ ಮೆಮೊ ಕೊಡುವವರಿಗೆ ಈ ಮೇಡಂ ಅವರು ಪಾಠ ಹೇಳಬೇಕಿತ್ತು.

ಅಂಕಿಅಂಶ ಮೇಡಂ

ಕಾಕಾರೇ, ನೀವು ಹೇಳಿದ್ದಕ್ಕೆ ಪುಸ್ತಕದಲ್ಲಿ ಮೊದಲ ಬಗೆಯ ದೋಷ ಎನ್ನುತ್ತಾರೆ: ತಪ್ಪಿಲ್ಲದವನನ್ನು ತಪ್ಪಿತಸ್ಥ ಎನ್ನುವುದು. ಶೇ 5ರ ಮಟ್ಟ ಇಟ್ಟುಕೊಂಡರೆ, ಸರಿಯಾಗಿ ಓಡಿಸುವ 100 ಚಾಲಕರಲ್ಲಿ ಸುಮಾರು ಐವರಿಗೆ ಪ್ರತಿ ಸುತ್ತಿನಲ್ಲಿ ಸುಮ್ಮನೆ ಮೆಮೊ ಹೋಗುತ್ತದೆ. ದಿನವೂ ಪರೀಕ್ಷಿಸಿದರೆ ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲರಿಗೂ ಸರದಿ ಬರುತ್ತದೆ. ಎರಡನೇ ಬಗೆಯದು ಇದರ ತಿರುವು: ನಿಜವಾಗಿ ಡೀಸೆಲ್ ಪೋಲು ಮಾಡುವವನು ಸಿಕ್ಕಿಬೀಳದೆ ಉಳಿಯುವುದು.

ಡಿಪೊ ಕಾಕಾ

ಎರಡನೇ ಬಗೆಯವರೂ ನಮ್ಮಲ್ಲಿ ಇದ್ದರು. ಹೆಸರು ಬೇಡ.

ಕಪ್ಪತಗುಡ್ಡ

ಯಾರೂ ಗಾಳಿಯ ಮಾತು ಎತ್ತಿಲ್ಲ. ಟೈರಿನ ಗಾಳಿಯಲ್ಲ, ಹೊರಗಿನ ಗಾಳಿ. ಆಷಾಢದಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಬನ್ನಿ, ಬೆನ್ನಿಗೆ ಗಾಳಿ. ಅಣ್ಣಿಗೇರಿ ದಾಟಿದ್ದೇ ಗೊತ್ತಾಗುವುದಿಲ್ಲ. ಸಂಜೆ ವಾಪಸ್ ಹೋಗಿ, ಎಕ್ಸಿಲೇಟರ್ ಪೂರ್ತಿ ತಿರುಗಿಸಿದರೂ ಗಾಡಿ ಮುಂದೆ ಹೋಗಲು ಹಟ ಮಾಡುತ್ತದೆ. ನಮ್ಮ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ಲೆಕ್ಕದ ಪುಟ್ಟ

ಹೋಗುವಾಗ ಲಾಭ, ಬರುವಾಗ ನಷ್ಟ. ಕೂಡಿದರೆ ಸಮ.

ನಿವೃತ್ತ ಎಂಜಿನಿಯರ್

ಸಮ ಆಗುವುದಿಲ್ಲ ತಮ್ಮಾ. ಗಾಳಿಯ ತಡೆ ಸಾಪೇಕ್ಷ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎದುರು ಗಾಳಿಯಲ್ಲಿ ಕಳೆದುಕೊಂಡದ್ದು ಬೆನ್ನ ಗಾಳಿಯಲ್ಲಿ ಪೂರ್ತಿ ತಿರುಗಿ ಬರುವುದಿಲ್ಲ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಸವಾರರ ರಸ್ತೆಯಲ್ಲಿಯೂ ಒಂದು ದಿಕ್ಕು ಏರು. ಅವರು ಹೋಗಿ ಬಂದು ಲೆಕ್ಕ ಹಾಕಿರುವುದು ಮಾತ್ರ ಸರಿಯಾದ ಕ್ರಮ.

ಮೆಕ್ಕೆಜೋಳ (ರಾಣೆಬೆನ್ನೂರು)

ಇ20 ಬಗ್ಗೆ ಬೈಗುಳ ಇನ್ನೂ ಶುರುವಾಗಿಲ್ಲವಲ್ಲ, ಆಶ್ಚರ್ಯ.

ಸುಮ್ಮನೆ ಓದುವವ

ನೀವೇ ಶುರು ಮಾಡಿದಿರಿ. ಪೆಟ್ರೋಲಿನಲ್ಲಿ ಐದನೇ ಒಂದು ಭಾಗ ಎಥೆನಾಲ್ ಬೆರೆಸಿ ಮೈಲೇಜ್ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದೇವೆ.

ನಿವೃತ್ತ ಎಂಜಿನಿಯರ್

ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ, ಅದು ಯಾರೂ ಅಲ್ಲಗಳೆಯದ ಮಾತು. ನೀತಿ ಆಯೋಗದ 2021ರ ವರದಿಯಲ್ಲಿಯೇ ಅಂದಾಜು ಇದೆ: ಹಳೆಯ ವಿನ್ಯಾಸದ ಕಾರುಗಳಿಗೆ ಶೇ 6ರಿಂದ 7, ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4, ಇ20ಗೆ ಹೊಂದಿಸಿದ ಕಾರುಗಳಿಗೆ ಶೇ 1ರಿಂದ 2 ಇಳಿಕೆ. 65ರಲ್ಲಿ ಶೇ 4 ಎಂದರೆ 2.6. ಐದರ ಕೊರತೆಯನ್ನು ಪೂರ್ತಿ ಎಥೆನಾಲಿನ ತಲೆಗೆ ಕಟ್ಟಲಾಗದು.

ಮೆಕ್ಕೆಜೋಳ

ಅಷ್ಟೇ ಹೇಳಿ. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಏನಿದೆ ಎಂದು ಒಮ್ಮೆ ಬಂದು ನೋಡಿ. ಎಥೆನಾಲ್ ಕಾರ್ಖಾನೆ ನಮ್ಮ ಜೋಳ ಕೊಳ್ಳದಿದ್ದರೆ ಕೋಳಿ ಆಹಾರದವರು ಹೇಳಿದ್ದೇ ದರ. ನಿಮಗೆ ಲೀಟರಿಗೆ ಎರಡು ಕಿ.ಮೀ. ಹೋದದ್ದು ಕಾಣುತ್ತದೆ, ನಮಗೆ ಕ್ವಿಂಟಲಿಗೆ ಸಿಗದೆ ಹೋದದ್ದು ಯಾವ ಮೀಟರಿನಲ್ಲಿಯೂ ಬೀಳುವುದಿಲ್ಲ.

ನಿರ್ವಾಹಕ

ಜೋಳದ ದರಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಮೈಲೇಜ್.

ಮೈಲೇಜ್ ಮಿತ್ರ

ಇಷ್ಟೆಲ್ಲ ತಲೆಬಿಸಿ ಬೇಡ ಸ್ನೇಹಿತರೇ. ಪೆಟ್ರೋಲ್ ಪೈಪಿಗೆ ಕಟ್ಟುವ ವಿಶೇಷ ಅಯಸ್ಕಾಂತ ನಮ್ಮಲ್ಲಿ ಸಿಗುತ್ತದೆ. ಮೈಲೇಜ್ ಶೇ 20 ಏರಿಕೆ. ಸಂಪರ್ಕಿಸಿ.

ಗೋಕುಲ ರಸ್ತೆ ಗ್ಯಾರೇಜು

ಬಂದರಪ್ಪಾ. ಪೆಟ್ರೋಲಿಗೆ ಅಯಸ್ಕಾಂತ ಅಂಟುವುದಾದರೆ ಟ್ಯಾಂಕಿನ ತಗಡಿಗೆ ಮೊದಲು ಅಂಟಬೇಕಿತ್ತು.

ಅಂಕಿಅಂಶ ಮೇಡಂ

ಮಿತ್ರರೇ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನ ಮತ್ತು ದ್ರವಗಳನ್ನು ಪರಿಶೀಲಿಸಿದೆ. ಉಪಯೋಗ ಕಂಡದ್ದು ಬೆರಳೆಣಿಕೆಯಷ್ಟು, ಅದೂ ಅತ್ಯಲ್ಪ. ಆದರೂ ನಿಮ್ಮ ಮಾತನ್ನು ಪರೀಕ್ಷಿಸುವುದು 65ರ ಮಾತಿಗಿಂತ ಸುಲಭ. ಒಂದೇ ಗಾಡಿ, ಒಬ್ಬನೇ ಸವಾರ, ಒಂದೇ ದಾರಿ. ಪ್ರತಿ ಎರಡು ಟ್ಯಾಂಕಿಗೆ ಒಂದು ಜೋಡಿ. ಜೋಡಿಯಲ್ಲಿ ಯಾವುದಕ್ಕೆ ಅಯಸ್ಕಾಂತ ಕಟ್ಟಬೇಕು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಪ್ರತಿ ಜೋಡಿಯ ವ್ಯತ್ಯಾಸದ ಮೇಲೆ ಟಿ-ಪರೀಕ್ಷೆ. ಗಾಡಿಯ ಗುಣ, ಮೀಟರಿನ ದೋಷ, ಸವಾರನ ತೂಕ ಎಲ್ಲವೂ ವ್ಯತ್ಯಾಸದಲ್ಲಿ ಕಳೆದುಹೋಗುತ್ತವೆ. ಶೇ 20 ನಿಜವಾಗಿದ್ದರೆ ಐದಾರು ಜೋಡಿಯಲ್ಲಿಯೇ ಎದ್ದು ಕಾಣುತ್ತದೆ. ಅಯಸ್ಕಾಂತ ಕಟ್ಟಿದೆಯೋ ಇಲ್ಲವೋ ಸವಾರನಿಗೆ ಗೊತ್ತಿರಬಾರದು. ಗೊತ್ತಾದರೆ ಅವನ ಕೈ ತಾನಾಗಿಯೇ ಹಗುರವಾಗುತ್ತದೆ.

ಒಂದು ಕಳುಹಿಸಿಕೊಡಿ, ವಿದ್ಯಾರ್ಥಿಗಳಿಂದ ಮಾಡಿಸುತ್ತೇನೆ.

ಸುಮ್ಮನೆ ಓದುವವ

ಮಿತ್ರರು ನಾಪತ್ತೆ.

ನವನಗರ ವಕೀಲ

ಮೂಲ ಪ್ರಶ್ನೆಗೆ ಬರುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಜಿಲ್ಲಾ ಆಯೋಗದಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅಲ್ಲಿಯವರೆಗೆ ಒಳ್ಳೆಯ ಸುದ್ದಿ.

ಆದರೆ ಸ್ವಂತ ಪುಸ್ತಕದಲ್ಲಿ ಬರೆದುಕೊಂಡ ಅಂಕಿ ಅಲ್ಲಿ ನಿಲ್ಲುವುದು ಕಷ್ಟ. ವಸ್ತುವಿನ ದೋಷ ಪರೀಕ್ಷೆಯಿಂದಲೇ ತಿಳಿಯಬೇಕಾದದ್ದಾದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು, ವರದಿಗೆ 45 ದಿನ. ಕಲಂ 38 ನೋಡಿ. ಆ ಶುಲ್ಕವನ್ನು ದೂರುದಾರರೇ ಕಟ್ಟಬೇಕಾಗುತ್ತದೆ. ಇನ್ನು ಜಾಹೀರಾತನ್ನು ತೆಗೆದು ಕೆಳಗಿನ ಸಣ್ಣ ಅಕ್ಷರ ಓದಿ. "ನಿಗದಿತ ಪರೀಕ್ಷಾ ಸ್ಥಿತಿಯಲ್ಲಿ" ಎಂದಿರುತ್ತದೆ. ಶೋರೂಮಿನ ಹುಡುಗ 70 ಎಂದದ್ದನ್ನು ಲಿಖಿತವಾಗಿ ಕೊಟ್ಟಿದ್ದಾನೆಯೇ? ಕೊಟ್ಟಿದ್ದರೆ ನಾಳೆಯೇ ನನ್ನ ಕಚೇರಿಗೆ ಬನ್ನಿ.

ಸಪ್ತಾಪುರ ಸವಾರ

ಅವನು ರಸೀದಿಯನ್ನೇ ಎರಡು ಸಲ ಕೇಳಿದ ಮೇಲೆ ಕೊಟ್ಟ.

ಗೋಕುಲ ರಸ್ತೆ ಗ್ಯಾರೇಜು

ಇನ್ನೊಂದು. ಮೀಟರ್ ತೋರಿಸುವ ಕಿ.ಮೀ. ನಿಜವೇ? ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಹತ್ತಿಪ್ಪತ್ತು ಕಿ.ಮೀ. ಹೋಲಿಸಿ ನೋಡಿ. ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಅಲ್ಲಿಯೇ ಇರುತ್ತದೆ, ಕೇಳಿದರೆ ಅಳೆದು ತೋರಿಸಬೇಕು.

ಹಾವೇರಿ ಬೀಜದಂಗಡಿ

ತಡವಾಗಿ ಬಂದೆ, ಕ್ಷಮಿಸಿ. ನಮ್ಮಲ್ಲಿ ಇದೇ ಮಾದರಿಯ ಎಂಟು ಸ್ಕೂಟರ್‌ಗಳಿವೆ. ಹುಡುಗರು ಬ್ಯಾಡಗಿ, ಹಾನಗಲ್, ಶಿಗ್ಗಾವಿ ಕಡೆಗೆ ಬೀಜ, ಔಷಧಿ ಒಯ್ಯುತ್ತಾರೆ. ಪೆಟ್ರೋಲ್ ಹಣ ನಾನೇ ಕೊಡುವುದರಿಂದ ಒಟ್ಟು ಕಿ.ಮೀ., ಒಟ್ಟು ಲೀಟರ್ ಪುಸ್ತಕದಲ್ಲಿ ಇದೆ. ಗಾಡಿವಾರು ಇಡೀ ಹಂಗಾಮಿನ ಸರಾಸರಿ: 59, 64, 62, 57, 66, 61, 63, 60. ಇದರಿಂದ ಏನಾದರೂ ಪ್ರಯೋಜನವಿದೆಯೇ?

ಅಂಕಿಅಂಶ ಮೇಡಂ

ಇದೆಯೇ ಎಂದರೆ? ಇಷ್ಟು ಹೊತ್ತು ಇದಕ್ಕಾಗಿಯೇ ಕಾಯುತ್ತಿದ್ದೆ. ಸವಾರರದು ಒಂದು ಗಾಡಿಯ ಹತ್ತು ತುಂಬುವಿಕೆ, ಈ ಸ್ಕೂಟರಿನ ಮಾಡೆಲ್ ಬಗ್ಗೆ ಮಾತನಾಡುವಾಗ ಅದು ಒಂದೇ ಅಂಕಿಗೆ ಸಮ. ನಿಮ್ಮದು ಎಂಟು ಗಾಡಿ, ಅಂದರೆ ನಿಜವಾದ ಎಂಟು. ಸರಾಸರಿ 61.5, ಮಾನಕ ವಿಚಲನೆ 2.88, ಅದನ್ನು 8ರ ವರ್ಗಮೂಲದಿಂದ ಭಾಗಿಸಿದರೆ 1.02. ಟಿ ಮೈನಸ್ 3.44. ಎಂಟು ಅಂಕಿಗಳಿಗೆ ಶೇ 5ರ ಗಡಿ 1.895, ಶೇ 1ರ ಗಡಿ 2.998. ಎರಡನ್ನೂ ದಾಟಿದೆ.

ಸಪ್ತಾಪುರ ಸವಾರ

ಹೇಳಲಿಲ್ಲವೇ!

ನಿವೃತ್ತ ಎಂಜಿನಿಯರ್

ಬೀಜದ ಚೀಲ ಹೊತ್ತ ಸ್ಕೂಟರ್, ಹಳ್ಳಿ ರಸ್ತೆ, ಇಪ್ಪತ್ತರ ಹುಡುಗರು. ಅದರಲ್ಲೂ 61.5 ಬಂದಿದೆ ಎಂದರೆ ನಾನು ಕಂಪನಿಗೆ ಹಾರ ಹಾಕುತ್ತೇನೆ. ಸವಾರರು ಇದರಲ್ಲಿ ಗೆದ್ದದ್ದು ಏನು ಎಂದು ನನಗೆ ತಿಳಿಯುತ್ತಿಲ್ಲ.

ಲೆಕ್ಕದ ಪುಟ್ಟ

ಮೇಡಂ, ಕೊರತೆ ಎರಡೇ ಕಿ.ಮೀ. ಆಗಿದ್ದರೆ ಸವಾರರ ಹತ್ತು ಅಂಕಿಯಲ್ಲಿ ಅದು ಸಿಗುತ್ತಿತ್ತೇ?

ಅಂಕಿಅಂಶ ಮೇಡಂ

ಒಳ್ಳೆಯ ಪ್ರಶ್ನೆ. ವಿಚಲನೆ 4ರ ಹತ್ತಿರ ಇರುವಾಗ ಎರಡು ಕಿ.ಮೀ. ಕೊರತೆಯನ್ನು ಹತ್ತರಲ್ಲಿ ಎಂಟು ಸಲವಾದರೂ ಹಿಡಿಯಬೇಕೆಂದರೆ ಸುಮಾರು 25 ತುಂಬುವಿಕೆ ಬೇಕು. ಹತ್ತರಲ್ಲಿ ಸಿಗದೆ ಹೋಗುವ ಸಂಭವವೇ ಹೆಚ್ಚು. ಆಗ "ಶೂನ್ಯ ಊಹೆ ತಿರಸ್ಕೃತವಾಗಲಿಲ್ಲ, ಆದ್ದರಿಂದ 65 ನಿಜ" ಎಂದು ಕಂಪನಿಯವರು ಕುಣಿದರೆ ಅದೂ ತಪ್ಪು. ಬಲೆಯ ಕಣ್ಣು ದೊಡ್ಡದಿತ್ತು, ಅಷ್ಟೇ.

ಬೀಜದಂಗಡಿಯವರೇ, 57ರ ಗಾಡಿಯನ್ನೂ 66ರ ಗಾಡಿಯನ್ನೂ ಓಡಿಸುವವರು ಯಾರು? ಒಬ್ಬರಿಗೆ ಒಂದೇ ಗಾಡಿಯೇ?

ಹಾವೇರಿ ಬೀಜದಂಗಡಿ

ಹೌದು, ಒಬ್ಬರಿಗೆ ಒಂದೇ. 66 ನಮ್ಮ ಹಿರಿಯ ಹುಡುಗನದು, ಅವನು 40 ದಾಟುವುದಿಲ್ಲ. 57ರವನಿಗೆ ಈಚೆಗೆ ಮದುವೆ ಗೊತ್ತಾಗಿದೆ, ಹಾನಗಲ್ಲಿಗೆ ಹೋಗುವ ಸರದಿ ಯಾರದಿದ್ದರೂ ತಾನೇ ಹೋಗುತ್ತೇನೆ ಎನ್ನುತ್ತಾನೆ.

ಡಿಪೊ ಕಾಕಾ

ಅಲ್ಲಿಗೆ ಅವನ ಕೆಎಂಪಿಎಲ್ ಮುಗಿಯಿತು.

ಅಂಕಿಅಂಶ ಮೇಡಂ

ಹಾಗಿದ್ದರೆ ಗಾಡಿಯ ಗುಣ ಯಾವುದು, ಹುಡುಗನ ಗುಣ ಯಾವುದು ಎಂದು ಈ ಪುಸ್ತಕದಿಂದ ಬೇರ್ಪಡಿಸಲು ಸಾಧ್ಯವಿಲ್ಲ. ಒಂದು ಉಪಕಾರ ಮಾಡಿ. ಪ್ರತಿ ವಾರ ಎಂಟು ಚೀಟಿ ಬರೆದು ಯಾರಿಗೆ ಯಾವ ಗಾಡಿ ಎಂದು ಎತ್ತಿಸಿ. ದಾರಿ ಅವರವರದೇ ಇರಲಿ. ಎಂಟು ವಾರ ಆದ ಮೇಲೆ ಪುಸ್ತಕದ ಪುಟಗಳನ್ನು ಇಲ್ಲಿ ಹಾಕಿ, ಮುಂದಿನ ಲೆಕ್ಕ ನನ್ನದು. ಎಲ್ಲರೂ ಒಂದೇ ಬಂಕಿನಲ್ಲಿ, ಕಟ್ ಆದ ಕೂಡಲೇ ನಿಲ್ಲಿಸಬೇಕು.

ಹಾವೇರಿ ಬೀಜದಂಗಡಿ

ಕೇಳಿದೆ ಮೇಡಂ. ಏಳು ಜನ ಒಪ್ಪಿದರು. ಹಿರಿಯವನು ಮಾತ್ರ ತನ್ನ ಗಾಡಿಯನ್ನು ಹಾನಗಲ್ಲಿನ ಅಳಿಯನ ಕೈಗೆ ಕೊಡುವುದಿಲ್ಲ ಎನ್ನುತ್ತಿದ್ದಾನೆ.

ಅಂಕಿಅಂಶ ಮೇಡಂ

ಏಳೇ ಇರಲಿ. ಆದರೆ ಬಿಟ್ಟುಹೋದದ್ದು 66ರ ಗಾಡಿ ಎಂದು ಹಾಳೆಯ ಮೇಲೆಯೇ ದೊಡ್ಡದಾಗಿ ಬರೆದಿಡಿ.